‘ನೆಟ್ ಇಲ್ಲ’ ಅನ್ನುವುದನ್ನು ಬಿಡಿಸಿ ಹೇಳುವುದು ಹೇಗೆ?

ನಮಸ್ಕಾರ,

ಕಾರವಾರದ ಗೆಳೆಯರೊಬ್ಬರು ಹಳೇ ಕಂಪ್ಯೂಟರ್‌ಗಳನ್ನು ಕೂಡಿಟ್ಟುಕೊಂಡಿದ್ದಾರೆ. ಎಲ್ಲಾ ವಿಂಡೋಸ್ 98 ಕಾಲದವು. ಒಂದಕ್ಕೊಂದು ಜೋಡಿಸಿ ಈಗಲೂ ಓಡಿಸುತ್ತಾರೆ. ಜೋಡಣೆ ಕೈಕೊಟ್ಟರೆ ಏನೇನು ನೋಡಬೇಕು ಅಂತ ಅಲ್ಲಿಗೆ ಬರುವ ಹುಡುಗರಿಗಾಗಿ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲನೆಯದು ‘ನೆಟ್ ಇಲ್ಲ’. ನೆಟ್‌ವರ್ಕ್ ತಂತಿ ಸಿಕ್ಕಿಸುವ ಕಾರ್ಡಿನ ಹಿಂದಿನ ದೀಪ ಹೊತ್ತದಿದ್ದರೂ ಹುಡುಗರು ಹೇಳುವುದು ನೆಟ್ ಇಲ್ಲ ಅಂತಲೇ. ದೀಪ ಹೊತ್ತಿದೆ, ಆದರೆ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ತೋರಿಸುವ ‘ವಿನ್ಐಪಿಸಿಎಫ್‌ಜಿ’ ತೆರೆದರೆ ವಿಳಾಸ 169.254 ಅಂತ ಶುರುವಾಗುತ್ತದೆ. ಅಂದರೆ ವಿಳಾಸ ಕೊಡುವವರು ಯಾರೂ ಸಿಗದೆ ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ. ಆಗಲೂ ನೆಟ್ ಇಲ್ಲ. ಇನ್ನೊಮ್ಮೆ ಎಲ್ಲಾ ಸರಿಯಿರುತ್ತದೆ, ಹಳೇ ಬ್ರೌಸರ್‌ಗೆ ಮಾತ್ರ ವೆಬ್‌ಸೈಟ್‌ಗಳ ಜೊತೆ ಗುಟ್ಟಾಗಿ ಮಾತಾಡುವ ಈಗಿನ ರೀತಿಯಾದ ಟಿಎಲ್‌ಎಸ್ 1.2 ಬರುವುದಿಲ್ಲ, ಪುಟ ತೆರೆಯುವುದಿಲ್ಲ. ಅದಕ್ಕೂ ನೆಟ್ ಇಲ್ಲ! ಪಾಪ, ನೆಟ್ ಅಲ್ಲೇ ಇದೆ. ಸದ್ಯಕ್ಕೆ ‘ತಂತಿ ಕೂಡಿಲ್ಲ’, ‘ವಿಳಾಸ ಸಿಕ್ಕಿಲ್ಲ’, ‘ಮಾತು ತಿಳಿಯುತ್ತಿಲ್ಲ’ ಅಂತ ಬೇರೆ ಬೇರೆ ಬರೆದಿದ್ದೇನೆ. ‘ಸಂಪರ್ಕ ವಿಫಲ’ ಅಂತ ಬರೆದರೆ ಮತ್ತೆ ಎಲ್ಲಾ ಒಂದೇ ಆಗುತ್ತದೆ, ಅಲ್ವಾ?

ಇನ್ನೊಂದು ಕಂಪ್ಯೂಟರ್ ಉತ್ತರಿಸುತ್ತದಾ ಅಂತ ನೋಡುವ ‘ಪಿಂಗ್’ ಅನ್ನು ಹಾಗೇ ಉಳಿಸಿಕೊಂಡಿದ್ದೇನೆ. ಅಮೆರಿಕದ ಪ್ರೋಗ್ರಾಮರ್ ಮೈಕ್ ಮೂಸ್ 1983ರಲ್ಲಿ ಅದನ್ನು ಬರೆದಾಗ, ನೀರಿನೊಳಗೆ ಸದ್ದು ಕಳಿಸಿ ಮರುದನಿಯಿಂದ ಎದುರಿಗಿರುವುದನ್ನು ಪತ್ತೆ ಮಾಡುವ ಸೋನಾರ್ ಸದ್ದಿನ ಹೆಸರನ್ನೇ ಇಟ್ಟರು. ನೌಕಾನೆಲೆ ಇರುವ ಕಾರವಾರದಲ್ಲಿ ಸೋನಾರ್ ಅಂದರೆ ಏನು ಅಂತ ವಿವರಿಸುವುದು ಬೇಡ. ಉತ್ತರ ಬರದಿದ್ದರೆ ‘ಓಗೊಡುತ್ತಿಲ್ಲ’ ಅಂದರೆ ಹೇಗೆ? ಶಿರಸಿ ಕಡೆ ತೋಟದಾಚೆ ಇರುವವರಿಗೆ ಕೂ ಹಾಕಿದರೆ ಅವರು ಓಗೊಡುತ್ತಾರೆ. ಇದೂ ಅಷ್ಟೇ ಕೆಲಸ. ಆದರೆ ಈಗಿನ ಹುಡುಗರಿಗೆ ಆ ಪದ ಗೊತ್ತಿದೆಯಾ ಅನ್ನುವುದೇ ಅನುಮಾನ.

ಜಾಸ್ತಿ ತಲೆ ತಿಂದಿರುವುದು ಟರ್ಮಿನೇಟರ್. ಈ ಯಂತ್ರಗಳಲ್ಲಿ ಕೆಲವಕ್ಕೆ ಟಿವಿ ಕೇಬಲ್ಲಿನಂಥ ಕಪ್ಪು ತಂತಿ, ಆರ್‌ಜಿ-58. ಪ್ರತಿ ಕಾರ್ಡಿಗೂ T ಆಕಾರದ ಒಂದು ಕನೆಕ್ಟರ್, ಅಂದರೆ ‘ಟಿ’, ಸಾಲಿನ ಎರಡೂ ತುದಿಗೆ ಒಂದೊಂದು ಟರ್ಮಿನೇಟರ್. ಎಲ್ಲರೂ ಅದನ್ನು ಕರೆಯುವುದು ‘ಮುಚ್ಚಳ’ ಅಂತ. ತೊಂದರೆ ಅಲ್ಲೇ. ಮುಚ್ಚಳ ಅಂದರೆ ದೂಳು ಹೋಗದ ಹಾಗೆ ಸುಮ್ನೆ ಹಾಕಿದ್ದು ಅಂದುಕೊಂಡು ತೆಗೆದಿಡುತ್ತಾರೆ. ಅದರೊಳಗೆ 50 ಓಮ್‌ನ ರೆಸಿಸ್ಟರ್ ಇದೆ. ಅದಿಲ್ಲದಿದ್ದರೆ ತಡೆಗೋಡೆಗೆ ಬಡಿದ ಅಲೆಯಂತೆ ಸಿಗ್ನಲ್ ತುದಿಯಿಂದ ಹಿಂದಕ್ಕೆ ಬರುತ್ತದೆ, ಸಾಲಿನಲ್ಲಿರುವ ಎಲ್ಲಾ ಕಂಪ್ಯೂಟರ್‌ಗಳೂ ಸಂಪರ್ಕ ಕಳೆದುಕೊಳ್ಳುತ್ತವೆ. ಪರೀಕ್ಷೆ ಸುಲಭ: ಯಂತ್ರಗಳನ್ನು ಆಫ್ ಮಾಡಿ, ಒಂದು ‘ಟಿ’ಯನ್ನು ಕಾರ್ಡಿನಿಂದ ಬಿಡಿಸಿ, ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ಮಲ್ಟಿಮೀಟರ್ ಇಡಿ. ಎರಡೂ ತುದಿಯ 50 ಓಮ್ ಸಮಾಂತರವಾಗಿ ಸೇರಿ ಅರ್ಧವಾಗುವುದರಿಂದ ಸುಮಾರು 25 ಓಮ್ ತೋರಿಸಿದರೆ ಸರಿ. 50 ತೋರಿಸಿದರೆ ಒಂದು ಕಡೆ ಟರ್ಮಿನೇಟರ್ ಇಲ್ಲ, ಇಲ್ಲವೇ ತಂತಿ ಎಲ್ಲೋ ಕಡಿದಿದೆ. ‘ಅಂತ್ಯಕ’ ಅನ್ನಲು ಮನಸ್ಸಿಲ್ಲ, ಯಾರೂ ಬಳಸುವುದಿಲ್ಲ. ‘ತುದಿ ಬಿರಡೆ’ ಅನ್ನೋಣ ಅಂದರೆ ಅದೂ ಮುಚ್ಚಳದ ಅಣ್ಣನೇ. ‘ತುದಿತಡೆ’ ನಡೆಯುತ್ತದಾ? ರೆಸಿಸ್ಟರ್ ಇದೆ ಅನ್ನುವುದು ಅದರಲ್ಲಾದರೂ ಇದೆ.

ಇನ್ನೊಂದು. ಕಡಲ ಗಾಳಿಗೆ ಈ ‘ಟಿ’ಗಳ ಒಳಗೆ ಹಸಿರು ಕಟ್ಟುತ್ತದೆ. ಮೀಟರಿನ ಅಂಕಿ ಮುಟ್ಟಿದರೆ ಕುಣಿಯುತ್ತದೆ. ಹುಡುಗರು ‘ತುಕ್ಕು’ ಅನ್ನುತ್ತಾರೆ. ನನಗೆ ತುಕ್ಕು ಕಬ್ಬಿಣದ್ದು, ಹಿತ್ತಾಳೆಗೆ ಹಿಡಿಯುವುದು ಕಿಲುಬು. ಇವುಗಳ ಮೈ ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ. ಕಿಲುಬು ಅಂತಲೇ ಬರೆಯುವ ಆಸೆ. ಕುಮಟಾ, ಹೊನ್ನಾವರದ ಕಡೆ ಬೋಟಿನ ವೈರಿಂಗ್ ಮಾಡುವವರು ಇದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ತಿಳಿಸಿ.