ಆಫೀಸಿಗೂ ಆಗಬೇಕು, ಕೆರೆ ಏರಿಗೂ ಆಗಬೇಕು: ಯಾವ ಸೈಕಲ್ ಟೈರ್ ಹಾಕಿಸಲಿ?

ಕೋಣನಕುಂಟೆ_ಸವಾರ:

ನಮಸ್ಕಾರ. ಟೈರ್‌ಗೆ ದುಡ್ಡು ಹಾಕುವ ಮುಂಚೆ ಬಲ್ಲವರನ್ನು ಒಂದು ಮಾತು ಕೇಳೋಣ ಅಂತ ಬರೆಯುತ್ತಿದ್ದೇನೆ. ನನ್ನದು ಮೂರು ವರ್ಷದ ಹೈಬ್ರಿಡ್ ಸೈಕಲ್, ಡಿಸ್ಕ್ ಬ್ರೇಕ್, ಟೈರ್ ಮೇಲೆ 700x35ಸಿ ಅಂತ ಇದೆ. ವಾರಕ್ಕೆ ನಾಲ್ಕು ದಿನ ಕೋಣನಕುಂಟೆ ಕ್ರಾಸ್‌ನಿಂದ ಬನಶಂಕರಿ, ಸೌತ್ ಎಂಡ್, ಲಾಲ್‌ಬಾಗ್ ದಾಟಿ ರಿಚ್ಮಂಡ್ ಸರ್ಕಲ್ ತನಕ ಹೋಗುತ್ತೇನೆ, ಹೋಗಿ ಬರುವುದು ಸೇರಿ 24 ಕಿ.ಮೀ. ಹತ್ತಿರ. ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಕಡೆ ಹೋಗಿ, ಅಲ್ಲಿಂದ ಮಣ್ಣು ದಾರಿ, ಕೆರೆ ಏರಿ, ತೋಟದ ಬದಿ ಸುತ್ತಾಡಿ ಬರುತ್ತೇವೆ. ದೊಡ್ಡ ಬಂಡೆ ಹಾರಿಸುವಂಥದ್ದೇನೂ ಇಲ್ಲ.

ಜೂನ್‌ನಿಂದ ಈಚೆಗೆ ಆರು ಪಂಚರ್ ಆಗಿದೆ, ಆರೂ ಹಿಂದಿನ ಚಕ್ರದಲ್ಲೇ. ಟೈರ್ ನಡುವೆ ಚಪ್ಪಟೆಯಾಗಿ ಸವೆದಿದೆ. ಹೋದ ವಾರ ಒಂದು ಅಂಗಡಿಯಲ್ಲಿ "28 ಇಂಚಿಂದು, ಇದೇ ಸರ್ ನಿಮ್ದು" ಅಂತ ಒಂದು ಟೈರ್ ಕೊಟ್ಟರು, ಮನೆಗೆ ತಂದು ಹಾಕಿದರೆ ರಿಮ್ಮಿನಲ್ಲಿ ಕೂರುತ್ತಲೇ ಇಲ್ಲ, ಸಡಿಲ ಸಡಿಲ. ವಾಪಸ್ ತೆಗೆದುಕೊಳ್ಳಲಿಲ್ಲ.

ಎರಡೂ ಟೈರ್ ಸೇರಿ 2,500 ರೂಪಾಯಿ ತನಕ ಹಾಕಬಲ್ಲೆ. ಮಣ್ಣಿಗೆ ಹೋಗುವುದಾದರೆ ಮೈಯೆಲ್ಲ ದಪ್ಪ ಉಬ್ಬು ಇರುವ ಬಟನ್ ಟೈರೇ ಬೇಕು ಅಂತ ಒಬ್ಬರು, ತೆಳು ಟೈರ್ ಹಾಕು ಹಗುರ ಓಡುತ್ತೆ ಅಂತ ಇನ್ನೊಬ್ಬರು. ನನ್ನ ತೂಕ 78 ಕೆಜಿ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಏನು ಮಾಡಲಿ?

ಪ್ಯಾಚ್_ಪೆಟ್ಟಿಗೆ:

ಸರ್, ಮೊದಲು ಆ ಸಡಿಲ ಟೈರಿನ ವಿಷಯ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 40-635 ಅಂತ ಇದೆಯಾ ನೋಡಿ. ಇದ್ದರೆ ಅದು ನಮ್ಮ ಅಪ್ಪಂದಿರು ಓಡಿಸುತ್ತಿದ್ದ, ಹಾಲಿನ ಕ್ಯಾನ್ ಕಟ್ಟುತ್ತಿದ್ದ ದೊಡ್ಡ ಸೈಕಲ್‌ನ ಟೈರು, 28x1½. ನಿಮ್ಮ 700ಸಿ ರಿಮ್ಮಿಗೆ ಬೇಕಾದ್ದು 622. ಎರಡನ್ನೂ 28 ಅಂತಲೇ ಕರೆಯುತ್ತಾರೆ, ಆದರೆ ರಿಮ್ಮಿನ ಅಳತೆಯಲ್ಲಿ 13 ಮಿ.ಮೀ. ವ್ಯತ್ಯಾಸ. ದಯವಿಟ್ಟು ಅದನ್ನು ಹೇಗೋ ಕೂರಿಸಿ ಓಡಿಸಲು ಹೋಗಬೇಡಿ, ಓಡುವಾಗ ಕಳಚಿ ಬಂದರೆ ಬಿದ್ದುಬಿಡುತ್ತೀರಿ. ಇನ್ನು ಮುಂದೆ ಅಂಗಡಿಯಲ್ಲಿ ಇಂಚು ಹೇಳಲೇಬೇಡಿ. ಹಳೇ ಟೈರಿನ ಪಕ್ಕದ ಫೋಟೋ ತೆಗೆದುಕೊಂಡು ಹೋಗಿ ಕೊನೆಯ ಮೂರು ಅಂಕಿ ತೋರಿಸಿ. ಮೊದಲ ಅಂಕಿ ಅಗಲ, 35, 38, 40 ಏನಾದರೂ ಇರಲಿ, ಕೊನೆಯದು ಮಾತ್ರ 622 ಇರಲೇಬೇಕು.

ಇನ್ನು ಆರು ಪಂಚರ್. ಆರೂ ಹಿಂದಿನದರಲ್ಲೇ ಅಂದರೆ ಟೈರ್ ಸವೆದಿದೆ ಅನ್ನುವುದು ಒಂದು ಕಾರಣ, ಭಾರ ಜಾಸ್ತಿ ಬೀಳುವುದೂ ಅಲ್ಲೇ. ಆದರೆ ಹೊಸ ಟೈರ್ ತರುವ ಮುಂಚೆ ಟ್ಯೂಬ್ ಹೊರಗೆ ತೆಗೆದು ಪ್ಯಾಚ್‌ಗಳು ಎಲ್ಲೆಲ್ಲಿವೆ ನೋಡಿ. ತೂತು ರಸ್ತೆ ಕಡೆಗಿದ್ದರೆ ಮುಳ್ಳು, ಗಾಜು. ಒಳಗೆ, ರಿಮ್ಮಿನ ಕಡೆಗಿದ್ದರೆ ರಿಮ್ ಟೇಪ್ (ರಿಮ್ಮಿಗೂ ಟ್ಯೂಬಿಗೂ ನಡುವೆ ಸುತ್ತಿರುವ ಪಟ್ಟಿ) ಸರಿದು ಕಡ್ಡಿಯ ತುದಿಯೋ ಅದರ ತೂತಿನ ಅಂಚೋ ಕೊರೆಯುತ್ತಿದೆ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ ಇದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಗುಂಡಿಗೆ ಇಳಿಸಿದ್ದೀರಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಗಿದ್ದರೆ ಟೈರಿನಲ್ಲಿ ಏನೋ ಚುಚ್ಚಿಕೊಂಡು ಅಲ್ಲೇ ಉಳಿದಿದೆ. ಬರೀ ಬೆರಳಲ್ಲಿ ಹುಡುಕಬೇಡಿ, ಕೊಯ್ದುಕೊಳ್ಳುತ್ತದೆ. ಹತ್ತಿ ಉಂಡೆ ತೆಗೆದುಕೊಂಡು ಟೈರಿನ ಒಳಗೆ ಸುತ್ತಲೂ ಎಳೆಯಿರಿ, ಚೂಪು ಇದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ.

ಯಲಹಂಕ_ಗಾಲಿ:

ನನ್ನ ಅನುಭವ ಹೇಳುತ್ತೇನೆ. ಸುಮ್ನೆ ಅಗ್ಗದ ಟೈರ್ ಬದಲಾಯಿಸುತ್ತಾ ಕೂರುವ ಬದಲು ಒಂದೇ ಸಲ ಶ್ವಾಲ್ಬೆ ಮ್ಯಾರಥಾನ್ ಹಾಕಿಸಿ. ಮೇಲಿನ ರಬ್ಬರ್ ಕೆಳಗೆ ಪಂಚರ್ ತಡೆಯಲು 3 ಮಿ.ಮೀ. ಪದರ ಇರುತ್ತದೆ, ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿ.ಮೀ. ಪಕ್ಕದಲ್ಲಿ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ರಾತ್ರಿ ಸಿಗ್ನಲ್ ದಾಟುವಾಗ ಪಕ್ಕದಿಂದ ಬರುವವರಿಗೆ ಚೆನ್ನಾಗಿ ಕಾಣುತ್ತದೆ. ನನ್ನ ಹಿಂದಿನ ಚಕ್ರದಲ್ಲಿ ನಾಲ್ಕನೇ ವರ್ಷ ನಡೆಯುತ್ತಿದೆ, ಎರಡೇ ಪಂಚರ್. ನಿಮ್ಮ ಬಜೆಟ್‌ನಲ್ಲಿ ಎರಡು ಬರುವುದಿಲ್ಲ, ಗೊತ್ತು. ಸ್ವಲ್ಪ ದುಡ್ಡು ಸೇರಿಸಿ.

ಹೆಬ್ಬಾಳದ_ಹಾದಿ:

ಯಲಹಂಕದವರು ಹೇಳಿದ್ದು ಸುಳ್ಳಲ್ಲ, ಒಳ್ಳೆಯ ಟೈರು. ಆದರೆ ಕೋಣನಕುಂಟೆಯವರು 2,500 ಅಂದಿದ್ದಾರೆ, ಅದರೊಳಗೇ ಚೆನ್ನಾಗಿ ಆಗುತ್ತದೆ ಅಂತ ನನ್ನ ಗಟ್ಟಿ ನಂಬಿಕೆ. ನಾನು ಏಳು ವರ್ಷದಿಂದ ದಿನಾ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುತ್ತೇನೆ, ಜಾಸ್ತಿ ಓಡಿಸಿದ್ದು ಲೂಧಿಯಾನದ ರಾಲ್ಸನ್, ರಾಲ್ಕೋ ಟೈರ್‌ಗಳನ್ನೇ. ಈಗಿರುವುದು ಕೊಂಡಾಗ ಒಂದಕ್ಕೆ 750 ಕೊಟ್ಟ ನೆನಪು. ತೂಕ ಜಾಸ್ತಿ, ನಿಜ. ಆಫೀಸಿಗೆ ಹೋಗುವವರಿಗೆ ಅದರಿಂದ ಏನು ನಷ್ಟ? ಮಡಚುವ ಟೈರ್ ಬೇಡ, ಅಂಚಿನೊಳಗೆ ಗಟ್ಟಿ ತಂತಿ ಇರುವ, ತಂತಿ ಅಂಚಿನದೇ ಸಾಕು, ಅಗ್ಗ.

ನಾನು ನೋಡಿದ ಮಟ್ಟಿಗೆ ಕಂಪನಿ ಹೆಸರಿಗಿಂತ ಅಗಲ ಮುಖ್ಯ. ನಿಮ್ಮ 35ರ ಜಾಗಕ್ಕೆ 38 ಅಥವಾ 40 ಹಾಕಿ. ಅಗಲ ಇದ್ದಷ್ಟೂ ಗಾಳಿ ಸ್ವಲ್ಪ ಕಡಿಮೆ ಇಟ್ಟರೂ ಗುಂಡಿಯಲ್ಲಿ ರಿಮ್ಮಿಗೆ ಬಡಿಯುವುದಿಲ್ಲ, ಕೆರೆ ಏರಿ ಮೇಲಿನ ಜಲ್ಲಿಯಲ್ಲಿ ಚಕ್ರ ಕುಣಿಯುವುದಿಲ್ಲ, ಸಂಜೆ ಮನೆಗೆ ಬಂದಾಗ ಕೈ ಜುಮ್ಮೆನ್ನುವುದಿಲ್ಲ. ಆದರೆ ಕೊಳ್ಳುವ ಮುಂಚೆ ಹಿಂದಿನ ಚಕ್ರದ ಹತ್ತಿರ ಫ್ರೇಮಿಗೂ ಟೈರಿಗೂ ನಡುವೆ ಎಷ್ಟು ಜಾಗ ಇದೆ ಅಳೆಯಿರಿ, ಹೊಸದು ಕೂತ ಮೇಲೂ ಎರಡೂ ಬದಿ 5-6 ಮಿ.ಮೀ. ಉಳಿಯಬೇಕು. ಮಳೆ ಬಂದ ಮೇಲೆ ನಮ್ಮ ಕೆಂಪು ಮಣ್ಣು ಹೇಗೆ ಮೆತ್ತಿಕೊಳ್ಳುತ್ತದೆ ಗೊತ್ತಲ್ವಾ, ಜಾಗ ಇಲ್ಲದಿದ್ದರೆ ಚಕ್ರವೇ ತಿರುಗುವುದಿಲ್ಲ. ಮಡ್‌ಗಾರ್ಡ್ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಟನ್ ಟೈರ್ ಬೇಡವೇ ಬೇಡ. ಟಾರ್ ಮೇಲೆ ಗುಂಯ್ ಅನ್ನುತ್ತದೆ, ತುಳಿಯಲು ಭಾರ, ಬಟನ್ ಬೇಗ ಸವೆಯುತ್ತದೆ. ಮಳೆಯಲ್ಲಿ ಗ್ರಿಪ್ ಜಾಸ್ತಿ ಅಂತ ತುಂಬಾ ಜನ ತಿಳಿದಿದ್ದಾರೆ, ಟಾರ್ ಮೇಲೆ ಅದು ಉಲ್ಟಾ, ರಸ್ತೆಗೆ ರಬ್ಬರ್ ಎಷ್ಟು ತಾಗುತ್ತದೋ ಅಷ್ಟು ಹಿಡಿತ. ನೆಂದ ಜೀಬ್ರಾ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳದ ಮೇಲಂತೂ ಯಾವ ಟೈರೂ ಕಾಪಾಡುವುದಿಲ್ಲ, ಅಲ್ಲಿ ಬ್ರೇಕ್ ಒತ್ತದೆ ನೇರ ದಾಟಬೇಕು. ನಡುವೆ ನಯವಾಗಿ, ಅಂಚಿನಲ್ಲಿ ಸಣ್ಣ ಉಬ್ಬು ಇರುವ ಟೈರ್ ನೋಡಿ. ಒಣ ಮಣ್ಣು ದಾರಿಗೆ ಅಷ್ಟು ಧಾರಾಳ.

ಕೋಣನಕುಂಟೆ_ಸವಾರ:

ಪ್ಯಾಚ್ ಪೆಟ್ಟಿಗೆಯವರಿಗೆ ತುಂಬಾ ಥ್ಯಾಂಕ್ಸ್. ಆ ಟೈರ್ 635 ಅಂತಲೇ ಇದೆ!

ನಿನ್ನೆ ಊಟ ಆದ ಮೇಲೆ ಪೇಪರ್ ಹಾಸಿಕೊಂಡು ಕೂತು ಹಿಂದಿನ ಚಕ್ರ ಬಿಚ್ಚಿದೆ. ಮೂರು ಪ್ಯಾಚ್ ವಾಲ್ವಿನಿಂದ ಒಂದು ಗೇಣು ದೂರದಲ್ಲಿ, ಹೆಚ್ಚು ಕಡಿಮೆ ಒಂದರ ಪಕ್ಕ ಒಂದು. ಹತ್ತಿ ಎಳೆದೆ, ಅದೇ ಜಾಗದಲ್ಲಿ ಎಳೆ ಸಿಕ್ಕಿಕೊಂಡಿತು. ಬೆಳಕಿಗೆ ಹಿಡಿದರೂ ಏನೂ ಕಾಣಲಿಲ್ಲ. ಟೈರನ್ನು ಹಿಂದುಮುಂದಾಗಿ ಮಡಚಿದಾಗ ಕಂಡಿತು, ಕೂದಲಿನಷ್ಟು ಸಣ್ಣ ತಂತಿ, ಅಕ್ಕಿಕಾಳಿನಷ್ಟು ಉದ್ದವೂ ಇಲ್ಲ. ನೇಲ್ ಕಟರ್‌ನಲ್ಲಿ ಕಚ್ಚಿ ಎಳೆದು ತೆಗೆದೆ. ಇದೊಂದಕ್ಕೆ ಮೂರು ಸಲ ಸೈಕಲ್ ತಳ್ಳಿಕೊಂಡು ಹೋಗಿದ್ದೇನೆ, ಅದರಲ್ಲಿ ಒಂದು ಸಲ ಮಳೆಯಲ್ಲಿ ಡಬಲ್ ರೋಡ್‌ನಿಂದ. ಉಳಿದ ಮೂರರಲ್ಲಿ ಒಂದು ಹಾವಿನ ಕಡಿತ, ಎರಡು ಹೊರಗಿನಿಂದ ಚುಚ್ಚಿದ್ದು.

ಟೈರ್ ಹೇಗೂ ಸವೆದಿದೆ, ಬದಲಾಯಿಸುತ್ತೇನೆ. ಗಾಳಿ ಎಷ್ಟಿಡಬೇಕು? ಪಂಚರ್ ಅಂಗಡಿಯವರು ಹೆಬ್ಬೆರಳಲ್ಲಿ ಒತ್ತಿ ನೋಡಿ ಕಲ್ಲಿನ ಹಾಗೆ ಮಾಡಿ ಕೊಡುತ್ತಾರೆ. ಟೈರ್ ಒಳಗೆ ಹಾಕುವ ಪಟ್ಟಿ, ಟ್ಯೂಬಿಗೆ ಬಿಡುವ ದ್ರವ, ಇವೆಲ್ಲ ಉಪಯೋಗ ಇದೆಯಾ?

ಪ್ಯಾಚ್_ಪೆಟ್ಟಿಗೆ:

ಆ ತಂತಿ ಲಾರಿ, ಬಸ್ ಟೈರ್ ಒಡೆದಾಗ ಒಳಗಿಂದ ಉದುರುವಂಥದ್ದು. ಮಳೆ ನೀರು ಗಾಜು, ತಂತಿ ಎಲ್ಲವನ್ನೂ ರಸ್ತೆಯ ಅಂಚಿಗೆ ತಂದು ಗುಡ್ಡೆ ಹಾಕುತ್ತದೆ, ನಾವು ಓಡಿಸುವುದೂ ಅಲ್ಲೇ. ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುತ್ತದೆ. ಅದಕ್ಕೇ ಜೂನ್‌ನಿಂದ ಜಾಸ್ತಿ ಆಗಿದ್ದು.

ಪಟ್ಟಿ ಕೆಲಸ ಮಾಡುತ್ತದೆ, ಆದರೆ ತುದಿ ಚೂಪಾಗಿದ್ದರೆ ಅದೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ದ್ರವ ಸಣ್ಣ ಮುಳ್ಳಿಗೆ ಒಳ್ಳೆಯದು. ಕೆಲವು ತಿಂಗಳಿಗೆ ಒಣಗುತ್ತದೆ, ಆಮೇಲೆ ದೊಡ್ಡ ತೂತಾದರೆ ಟ್ಯೂಬೆಲ್ಲ ಅಂಟಂಟಾಗಿ ಪ್ಯಾಚ್ ಹಿಡಿಯುವುದಿಲ್ಲ. ನಾನಾದರೆ ಆ ದುಡ್ಡಿಗೆ ಮೀಟರ್ ಇರುವ ಪಂಪ್ ತರುತ್ತೇನೆ.

ಹೆಬ್ಬಾಳದ_ಹಾದಿ:

ಹೌದು, ಪಂಪ್ ತನ್ನಿ. ನಿಮ್ಮ ತೂಕಕ್ಕೆ 40ರ ಟೈರ್ ಆದರೆ ಹಿಂದೆ 55, ಮುಂದೆ 45 ಪಿಎಸ್‌ಐನಿಂದ ಶುರು ಮಾಡಿ, ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೇ ಇರಲಿ. ಮಣ್ಣಿಗೆ ಇಳಿಯುವ ದಿನ ಐದು ಕಡಿಮೆ ಮಾಡಿ ನೋಡಿ. ವಾರಕ್ಕೊಮ್ಮೆ ಚೆಕ್ ಮಾಡಿ, ಒಳ್ಳೆಯ ಟ್ಯೂಬಿನಿಂದಲೂ ಗಾಳಿ ಮೆಲ್ಲಗೆ ಇಳಿಯುತ್ತದೆ.

ಯಲಹಂಕ_ಗಾಲಿ:

ಸರಿ, ಒಪ್ಪಿದೆ. ಹಾಗಾದರೆ ಒಂದು ನಡುವಿನ ದಾರಿ ಹೇಳಲಾ? ಮುಂದಿನ ಟೈರ್ ಇನ್ನೂ ಚೆನ್ನಾಗಿದ್ದರೆ ಎರಡು ಕೊಳ್ಳಲೇಬೇಡಿ. ಅದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿ. ಹಿಂದೆ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಒಳ್ಳೆಯ ರಬ್ಬರ್ ಯಾವತ್ತೂ ಮುಂದಿರಲಿ.

ಕೋಣನಕುಂಟೆ_ಸವಾರ:

ಮುಂದಿನದನ್ನು ಬಗ್ಗಿಸಿ ನೋಡಿದೆ, ಪಕ್ಕದಲ್ಲಿ ಉದ್ದಕ್ಕೂ ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಎರಡನ್ನೂ ಬದಲಾಯಿಸುತ್ತೇನೆ. ಫ್ರೇಮ್ ಹತ್ತಿರ ಅಳೆದೆ, 40 ಹಾಕಿದರೆ ಒಂದು ಬದಿ 4 ಮಿ.ಮೀ. ಮಾತ್ರ ಉಳಿಯುತ್ತದೆ, ಹಾಗಾಗಿ 38-622, ನಡುವೆ ನಯ ಇರುವುದು, ತಂತಿ ಅಂಚಿನದು. ಉಳಿದ ದುಡ್ಡಿಗೆ ಪಂಪು, ಒಂದು ಹೆಚ್ಚುವರಿ ಟ್ಯೂಬು. ಶನಿವಾರ ನಾನೇ ಹಾಕುತ್ತೇನೆ.

ಪ್ಯಾಚ್_ಪೆಟ್ಟಿಗೆ:

ಹಾಕುವಾಗ ಟೈರಿನ ಮೇಲಿನ ಕಂಪನಿ ಹೆಸರು ಸರಿಯಾಗಿ ವಾಲ್ವಿನ ಪಕ್ಕಕ್ಕೆ ಬರುವ ಹಾಗೆ ಕೂರಿಸಿ. ಮುಂದಿನ ಸಲ ಟ್ಯೂಬಿನಲ್ಲಿ ತೂತು ಸಿಕ್ಕರೆ ವಾಲ್ವಿನಿಂದ ಅಳೆದು ಟೈರಿನಲ್ಲಿ ಅದೇ ಜಾಗ ಹುಡುಕಬಹುದು. 38ಕ್ಕೆ ಗಾಳಿ ಹೆಬ್ಬಾಳದವರು ಹೇಳಿದ್ದಕ್ಕಿಂತ ಒಂದೆರಡು ಜಾಸ್ತಿ ಇರಲಿ. ಆ 635 ಟೈರ್ ಬಿಸಾಡಬೇಡಿ ಸರ್, ನಿಮ್ಮ ಬೀದಿಯಲ್ಲಿ ದೊಡ್ಡ ಸೈಕಲ್ ಓಡಿಸುವವರು ಯಾರಾದರೂ ಇದ್ದರೆ ಕೊಟ್ಟುಬಿಡಿ, ಹೊಸ ಟೈರು, ಅವರಿಗೆ ಉಪಯೋಗಕ್ಕೆ ಬರುತ್ತದೆ.