ರಾಡಿನ ಒಂದು ತುದಿ ದಪ್ಪ ಬರ್ತಿದೆ, ಲೇತ್ ಬೆಡ್ ಗ್ರೈಂಡಿಂಗ್ ಮಾಡಿಸಲೇಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯರು): ನಮಸ್ಕಾರ ಸರ್. ನಮ್ಮದು ಅಡಿಕೆ ತೋಟ. ಅಡಿಕೆ ಸುಲಿಯುವ ಯಂತ್ರ, ಪಂಪ್‌ಸೆಟ್ ಇವುಗಳ ಸಣ್ಣಪುಟ್ಟ ರಿಪೇರಿ ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಹೋದ ವರ್ಷ ಒಂದು ಹಳೇ ಲೇತ್ (ರಾಡನ್ನು ತಿರುಗಿಸಿ ಕಡಿಯುವ ಯಂತ್ರ) ತಗೊಂಡೆ. ನಾಲ್ಕೂವರೆ ಅಡಿ ಬೆಡ್ (ಎಲ್ಲ ಭಾಗಗಳೂ ಕೂತಿರುವ ಉದ್ದನೆಯ ತಳ), ಬೆಲ್ಟ್ ಡ್ರೈವ್. ಕಂಪನಿ ಹೆಸರಿನ ಫಲಕ ಇಲ್ಲ. 25 ಮಿಮೀ ರಾಡನ್ನು ಒಂದು ಕಡೆ ಚಕ್‌ನಲ್ಲಿ ಹಿಡಿದು, ಇನ್ನೊಂದು ಕಡೆ ಟೇಲ್‌ಸ್ಟಾಕ್ ಸೆಂಟರ್ (ಆ ತುದಿಗೆ ಆಸರೆ ಕೊಡುವ ಮೊನೆ) ಕೊಟ್ಟು 200 ಮಿಮೀ ಟರ್ನಿಂಗ್ ಮಾಡಿದರೆ, ಟೇಲ್‌ಸ್ಟಾಕ್ ಕಡೆ 0.12 ಮಿಮೀ ದಪ್ಪ ಉಳಿಯುತ್ತದೆ. ಬೇರಿಂಗ್ ಕೂರುವುದೇ ಇಲ್ಲ. ಬಂದು ನೋಡಿದ ಮೆಕ್ಯಾನಿಕ್ ಒಬ್ಬರು "ಬೆಡ್ ಸವೆದಿದೆ, ಗ್ರೈಂಡಿಂಗ್ ಮಾಡಿಸಿ" ಅಂದರು. ಅವರು ಹೇಳಿದ ಖರ್ಚು ಲೇತಿಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ, ಯಾರಿಗೂ ದುಡ್ಡು ಕೊಡಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಬೆಡ್ ಸವೆತದ ಮೇಲೆ ನನಗೆ ಅನುಮಾನ ಕಡಿಮೆ.

ಯಾಕೆ ಅಂತ ಹೇಳ್ತೀನಿ. ಲೇತ್ ಬೆಡ್ ಸಾಮಾನ್ಯವಾಗಿ ಸವೆಯುವುದು ಚಕ್ ಹತ್ತಿರ. ಟೂಲ್ ಹೊತ್ತ ಸ್ಯಾಡಲ್ ದಿನವೆಲ್ಲ ಓಡಾಡುವುದು ಅಲ್ಲೇ ಅಲ್ವಾ? ಅದರಲ್ಲೂ ನಮ್ಮ ಕಡೆಗಿರುವ, ಅಂದರೆ ಮುಂದಿನ ವಿ (ಸ್ಯಾಡಲ್ ಜಾರುವ ವಿ ಆಕಾರದ ಹಳಿ) ಜಾಸ್ತಿ ಸವೆಯುತ್ತದೆ. ಆಗ ಚಕ್ ಹತ್ತಿರ ಬಂದಾಗ ಸ್ಯಾಡಲ್ ಮುಂದಕ್ಕೆ ಬಾಗುತ್ತದೆ, ಟೂಲ್ ಜಾಬಿನಿಂದ (ಕಡಿಯುತ್ತಿರುವ ರಾಡಿನಿಂದ) ದೂರ ಸರಿಯುತ್ತದೆ. ಹಾಗಾಗಿ ಸವೆದ ಬೆಡ್‌ನಲ್ಲಿ ಚಕ್ ಕಡೆ ದಪ್ಪ ಬರಬೇಕು. ನಿಮಗೆ ಬರ್ತಿರುವುದು ಅದಕ್ಕೆ ಉಲ್ಟಾ.

ಇನ್ನೊಂದು ವಿಷಯ. ಬೆಡ್ ಸವೆದು ಟೂಲ್ ನೇರ ಕೆಳಗೆ 0.1 ಮಿಮೀ ಇಳಿಯಿತು ಅಂದುಕೊಳ್ಳಿ. 40 ಮಿಮೀ ಜಾಬಿನ ವ್ಯಾಸದಲ್ಲಿ ಅದರಿಂದ ಬರುವ ವ್ಯತ್ಯಾಸ 0.001 ಮಿಮೀಗಿಂತಲೂ ಕಡಿಮೆ. ಪಕ್ಕಕ್ಕೆ 0.1 ಸರಿದರೆ ಮಾತ್ರ ವ್ಯಾಸದಲ್ಲಿ 0.2 ಬರುತ್ತದೆ. ಟೂಲ್ ಪಕ್ಕಕ್ಕೆ ಯಾಕೆ ಸರಿಯುತ್ತಿದೆ ಅನ್ನುವುದನ್ನೇ ನಾವು ಹುಡುಕಬೇಕು.

ನಿಮ್ಮ ಲಕ್ಷಣಕ್ಕೆ ನನಗೆ ಕಾಣುವ ಕಾರಣ ಎರಡು. ಟೇಲ್‌ಸ್ಟಾಕ್ ಹಿಂದಕ್ಕೆ ಸರಿದಿರಬಹುದು, ಇಲ್ಲವೇ ಬೆಡ್ ತಿರುಚಿಕೊಂಡಿರಬಹುದು. ಎರಡೂ ಸೇರಿರಲೂಬಹುದು. ಬೇರೆ ಬೇರೆ ಮಾಡಲು ಹೀಗೆ ಮಾಡಿ. ಟೇಲ್‌ಸ್ಟಾಕನ್ನು ಪೂರ್ತಿ ಹಿಂದೆ ತಳ್ಳಿಬಿಡಿ. 40 ಮಿಮೀ ದಪ್ಪದ ಎಂಎಸ್ (ಮೆತ್ತನೆ ಉಕ್ಕು) ರಾಡನ್ನು ಚಕ್‌ನಿಂದ 150 ಮಿಮೀ ಹೊರಗೆ ಬರುವಂತೆ ಹಿಡಿಯಿರಿ. ತೆಳು ರಾಡ್ ಬೇಡ, ಅದು ಟೂಲಿನ ಒತ್ತಡಕ್ಕೇ ಬಾಗಿ ತುದಿ ದಪ್ಪ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ನಡುವೆ ಒಂದೆರಡು ಮಿಮೀ ಕಡಿದು, ಎರಡು ಕಡೆ 20 ಮಿಮೀ ಅಗಲದ ಕಾಲರ್ (ಕಡಿಯದೆ ಉಳಿಸಿದ ಪಟ್ಟಿ) ಬಿಡಿ. ಈಗ ಚೂಪಾದ ಟೂಲ್ ಹಾಕಿ, 0.1 ಮಿಮೀ ಆಳದ ಒಂದೇ ಕಟ್‌ನಲ್ಲಿ ಎರಡೂ ಕಾಲರ್ ತೆಗೆಯಿರಿ. ಮಧ್ಯೆ ಕ್ರಾಸ್ ಸ್ಲೈಡ್ (ಟೂಲನ್ನು ಒಳಗೆ ಹೊರಗೆ ಸರಿಸುವ ಭಾಗ) ಮುಟ್ಟಲೇಬಾರದು. ಮೈಕ್ರೋಮೀಟರಿನಲ್ಲಿ ಅಳೆದು ಇಲ್ಲಿ ಹಾಕಿ. ವರ್ನಿಯರ್ ಈ ಕೆಲಸಕ್ಕೆ ಸಾಲದು.

ಅದಕ್ಕೂ ಮೊದಲು ಸ್ಪಿಂಡಲ್ (ಚಕ್ ಕೂತಿರುವ ತಿರುಗುವ ಶಾಫ್ಟ್) ಆಟ, ಅಂದರೆ ಸಡಿಲ ಎಷ್ಟಿದೆ ನೋಡಿ. ಡಯಲ್ ಗೇಜನ್ನು ಚಕ್ ಹಿಂದಿನ ಸ್ಪಿಂಡಲ್ ಮೇಲೆ ನಿಲ್ಲಿಸಿ. ಚಕ್‌ನಲ್ಲಿ ದಪ್ಪ ರಾಡ್ ಹಿಡಿದು ಕೈಯಲ್ಲಿ ಮೇಲಕ್ಕೆ ಎತ್ತಿ. ಮುಳ್ಳು 0.02, 0.03 ದಾಟಿ ಹೋದರೆ ಮೊದಲು ಬೇರಿಂಗ್ ಟೈಟ್ ಮಾಡುವ ಕೆಲಸ, ಮಿಕ್ಕಿದ್ದು ಆಮೇಲೆ.

ಅವರದೇ ಮರುಪ್ರಶ್ನೆ: ಸ್ಪಿಂಡಲ್ ಆಟ 0.015 ಬಂತು ಸರ್. ಕಾಲರ್‌ಗಳು 100 ಮಿಮೀ ಅಂತರದಲ್ಲಿವೆ. ಚಕ್ ಕಡೆ 38.42, ತುದಿಯಲ್ಲಿ 38.47. ಟೇಲ್‌ಸ್ಟಾಕ್ ಇಲ್ಲದೆಯೂ ತುದಿ ದಪ್ಪವೇ! ಲೇತ್ ನಿಲ್ಲಿಸಿದ್ದು ಶೆಡ್ಡಿನ ಕಾಂಕ್ರೀಟ್ ನೆಲದ ಮೇಲೆ. ಟೇಲ್‌ಸ್ಟಾಕ್ ತುದಿಯ ಹಿಂದಿನ ಕಾಲು ಅಲ್ಲಾಡುತ್ತಿತ್ತು ಅಂತ ಒಂದು ಮರದ ಚಕ್ಕೆ ಕೊಟ್ಟು ಬೋಲ್ಟ್ ಬಿಗಿ ಮಾಡಿದ್ದೆ. ಗಾರೆ ಕೆಲಸದವರ ಲೆವೆಲ್ ಇಟ್ಟು ನೋಡಿದರೆ ಸರಿಯಾಗೇ ತೋರಿಸುತ್ತೆ.

ಉತ್ತರ: ಆ ಮರದ ಚಕ್ಕೆಯೇ ಕಾರಣ.

ಬೀಡು ಕಬ್ಬಿಣದ ಬೆಡ್ ಅಂದರೆ ಬಂಡೆ ಇದ್ದಂತೆ, ಬಾಗೋದೇ ಇಲ್ಲ ಅಂತ ಜನ ನಂಬಿದ್ದಾರೆ. ನಾಲ್ಕೂವರೆ ಅಡಿಯ ಹಗುರ ಬೆಡ್ ಒಂದು ಕಾಲು ಬೋಲ್ಟಿಗೇ ತಿರುಚಿಕೊಳ್ಳುತ್ತದೆ. ನೀವು ಹಿಂದಿನ ಕಾಲು ಎತ್ತಿದಿರಿ. ಹಾಗಾಗಿ ಆ ತುದಿಗೆ ಹೋದಂತೆ ಸ್ಯಾಡಲ್ ನಿಮ್ಮ ಕಡೆಗೆ ವಾಲುತ್ತಿದೆ, ಟೂಲ್ ಜಾಬಿನಿಂದ ದೂರ ಬರುತ್ತಿದೆ, ತುದಿ ದಪ್ಪ ಉಳಿಯುತ್ತಿದೆ. ಗಾರೆ ಲೆವೆಲ್‌ನ ಗುಳ್ಳೆಗೆ ಇಷ್ಟು ಸಣ್ಣ ವಾಲು ಕಾಣುವುದಿಲ್ಲ. ಯಂತ್ರ ಕೂರಿಸಲು ಮೀಟರಿಗೆ 0.02 ಮಿಮೀ ತೋರಿಸುವ ಲೆವೆಲ್ ಬೇಕು. ಅದು ಇಲ್ಲದಿದ್ದರೂ ಚಿಂತೆ ಇಲ್ಲ, ನಿಮ್ಮ ಎರಡು ಕಾಲರ್ ಅದಕ್ಕಿಂತ ನಿಜ ಹೇಳುತ್ತವೆ.

ನಾಲ್ಕೂ ಬೋಲ್ಟ್ ಸಡಿಲ ಮಾಡಿ, ಮರ ತೆಗೆಯಿರಿ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಿಮ್ಮ ಮಲೆನಾಡಿನಲ್ಲಂತೂ ಕೇಳುವುದೇ ಬೇಡ. ಒಂದು ರಾತ್ರಿ ಬೆಡ್ ಹಾಗೇ ಬಿಡಿ. ಬೆಳಿಗ್ಗೆ ಯಾವ ಕಾಲು ನೆಲಕ್ಕೆ ಕೂತಿಲ್ಲ ಅಂತ ಫೀಲರ್ ಗೇಜ್ ತೂರಿಸಿ ನೋಡಿ, ಅಷ್ಟೇ ದಪ್ಪದ ತಗಡು ಕೊಡಿ. ಹಿತ್ತಾಳೆ ಅಥವಾ ಎಂಎಸ್ ತಗಡು ಇರಲಿ, ರಟ್ಟು ಬೇಡ. ಮೆಲ್ಲಗೆ, ಸಮವಾಗಿ ಬಿಗಿ ಮಾಡಿ. ಮತ್ತೆ ಕಾಲರ್ ಕಟ್ ತೆಗೆಯಿರಿ. ತುದಿ ಇನ್ನೂ ದಪ್ಪ ಇದ್ದರೆ ಟೇಲ್‌ಸ್ಟಾಕ್ ತುದಿಯ ಮುಂದಿನ ಕಾಲಿಗೆ 0.1 ಮಿಮೀ ತಗಡು ಸೇರಿಸಿ. ತುದಿ ಸಣ್ಣ ಆದರೆ ಅಲ್ಲಿಂದ ತೆಗೆಯಿರಿ. ಒಂದು ಸಲಕ್ಕೆ ಒಂದೇ ಕಾಲು ಮುಟ್ಟಿ. ಬೇಜಾರಿನ ಕೆಲಸ, ಒಂದು ಭಾನುವಾರ ಪೂರ್ತಿ ಹೋಗಬಹುದು. ಆದರೆ ಆಮೇಲೆ ಬಹಳ ದಿನ ನೆಮ್ಮದಿ.

ನಾನು ಕೆಲಸ ಕಲಿತದ್ದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಮೇಲೆ. 1941ರಲ್ಲಿ ಶುರುವಾದ ಕಾರ್ಖಾನೆ ಅದು. ಅಷ್ಟು ಗಟ್ಟಿ ಯಂತ್ರಕ್ಕೂ ನಮ್ಮ ಮೇಸ್ತ್ರಿ ಜಾಗ ಬದಲಿಸಿದಾಗಲೆಲ್ಲ ಇದೇ ಪರೀಕ್ಷೆ ಮಾಡಿಸುತ್ತಿದ್ದರು. ಮಾಡದೆ ಜಾಬ್ ಹಾಕಲು ಬಿಡುತ್ತಿರಲಿಲ್ಲ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆ ಶೆಡ್ ತಾನೇ ಅಂತ ಪಂಚೆ, ಲುಂಗಿ ಉಟ್ಟು ಲೇತ್ ಮುಂದೆ ನಿಲ್ಲಬೇಡಿ. ಕೈಗೆ ಗ್ಲೌಸ್ ಬೇಡ, ಉಂಗುರ ತೆಗೆದಿಡಿ. ಚಕ್ ಕೀಯನ್ನು ಚಕ್‌ನಲ್ಲಿ ಬಿಟ್ಟು ಕೈ ತೆಗೆಯುವ ಅಭ್ಯಾಸವೇ ಇರಬಾರದು.

ಪ್ರಶ್ನೆ (ಬೆಳಗಾವಿಯ ಸದಸ್ಯೆ): ನಾನೂ ನನ್ನ ತಮ್ಮನೂ ಮನೆ ಹಿಂದೆ ಒಂದು ಲೇತ್ ಇಟ್ಟುಕೊಂಡು ಬುಶ್, ಪಿನ್ ಮಾಡಿಕೊಡ್ತೇವೆ. ಇಎನ್ 8 ಉಕ್ಕು, 25 ಮಿಮೀ ವ್ಯಾಸ. ಪಾರ್ಟಿಂಗ್, ಅಂದರೆ ರಾಡನ್ನು ಬ್ಲೇಡಿನಿಂದ ಕತ್ತರಿಸಿ ಬೇರೆ ಮಾಡುವಾಗ, ಕಿರ್ ಅಂತ ಕೂಗುತ್ತದೆ, ಅರ್ಧಕ್ಕೆ ಬ್ಲೇಡ್ ಮುರಿಯುತ್ತದೆ. ಈ ವಾರ ಮೂರು ಬ್ಲೇಡ್ ಹೋಯ್ತು ಸರ್.

ಉತ್ತರ: ಪಾರ್ಟಿಂಗ್ ಅಂದರೆ ಯಂತ್ರದ ಎಲ್ಲ ಸಡಿಲವೂ ಒಟ್ಟಿಗೆ ಹೊರಬರುವ ಜಾಗ ಅಕ್ಕ. ಒಂದೊಂದೇ ನೋಡೋಣ.

ಬ್ಲೇಡ್ ಎಷ್ಟು ಹೊರಗಿದೆ? 25 ಮಿಮೀ ರಾಡಿಗೆ 14, 15 ಮಿಮೀ ಹೊರಬಂದರೆ ಸಾಕು. ಕತ್ತರಿಸುವ ಜಾಗ ಚಕ್‌ಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಬ್ಲೇಡ್ ಜಾಬಿಗೆ ನೇರ ಅಡ್ಡವಾಗಿ ಇರಬೇಕು. ಸ್ವಲ್ಪ ಓರೆಯಾದರೂ ಒಳಗೆ ಹೋದಂತೆ ಪಕ್ಕ ಉಜ್ಜಿ ಮುರಿಯುತ್ತದೆ.

ಮುಖ್ಯವಾದದ್ದು ಎತ್ತರ. ಟೂಲ್ ತುದಿಗೂ ರಾಡಿಗೂ ನಡುವೆ 6 ಇಂಚಿನ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಮೆಲ್ಲಗೆ ಒತ್ತಿ ಹಿಡಿಯಿರಿ. ಯಂತ್ರ ಆಫ್ ಇರಲಿ. ಸ್ಕೇಲ್ ನೆಟ್ಟಗೆ ನಿಂತರೆ ಟೂಲ್ ಸೆಂಟರಿನಲ್ಲಿದೆ. ಸ್ಕೇಲಿನ ತಲೆ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ. ಆಚೆ ವಾಲಿದರೆ ಮೇಲಿದೆ. ಕೆಳಗಿದ್ದರೆ ಕೊನೆಗೆ ಜಾಬ್ ಬ್ಲೇಡಿನ ಮೇಲೆ ಹತ್ತಲು ನೋಡುತ್ತದೆ, ಆಗಲೇ ಮುರಿಯುವುದು.

ಸ್ಪೀಡ್ ಇಳಿಸಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಮೆತ್ತನೆ ಎಂಎಸ್‌ಗೆ ನಿಮಿಷಕ್ಕೆ 30 ಮೀಟರ್ ಲೆಕ್ಕ ಹಿಡಿದರೆ 25 ಮಿಮೀ ರಾಡಿಗೆ ಸುಮಾರು 380 ಸುತ್ತು ಬರುತ್ತದೆ. ಅದು ಮಾಮೂಲಿ ಟರ್ನಿಂಗಿಗೆ. ಇಎನ್ 8 ಅದಕ್ಕಿಂತ ಗಟ್ಟಿ, ಮೇಲಾಗಿ ಪಾರ್ಟಿಂಗ್. ಹಾಗಾಗಿ ಅದರ ಮೂರನೇ ಒಂದು ಭಾಗದಿಂದ ಶುರು ಮಾಡಿ. ಸ್ಯಾಡಲ್ ಲಾಕ್ ಮಾಡಿ, ಕಂಪೌಂಡ್ (ಟೂಲ್ ಕೂರುವ ಮೇಲಿನ ಸ್ಲೈಡ್) ಅಲ್ಲಾಡದಂತೆ ಬಿಗಿ ಮಾಡಿ, ಕ್ರಾಸ್ ಸ್ಲೈಡಿನ ಜಿಬ್ (ಆಟ ತೆಗೆಯುವ ಪಟ್ಟಿ) ಸಡಿಲ ಇದ್ದರೆ ಸರಿಪಡಿಸಿ. ಕಟಿಂಗ್ ಆಯಿಲ್ ಧಾರಾಳವಾಗಿ ಬಿಡಿ.

ಮತ್ತೆ ಕೈ. ಕೂಗಿದ ತಕ್ಷಣ ಹೆದರಿ ಕೈ ತಡೆಯುತ್ತೀರಿ ಅಲ್ವಾ? ಎಲ್ಲರೂ ಮಾಡುವ ತಪ್ಪು ಅದು. ಟೂಲ್ ಕಡಿಯುವ ಬದಲು ಉಜ್ಜುತ್ತದೆ, ಮೊನೆ ಹೋಗುತ್ತದೆ. ಒಂದೇ ಸಮ ಒತ್ತುತ್ತಾ ಹೋಗಿ. ಸುರುಳಿ ಬಿಡದೆ ಬರ್ತಿರಬೇಕು. ಆದರೂ ಕೂಗಿದರೆ ಸ್ಪೀಡ್ ಇನ್ನೂ ಇಳಿಸಿ, ಫೀಡ್ ಇಳಿಸಬೇಡಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ನನ್ನ ಲೇತಿನಲ್ಲಿ 1 ಎಚ್‌ಪಿಯ 3 ಫೇಸ್ ಮೋಟಾರ್ ಇದೆ. ಮನೆಯಲ್ಲಿ ಸಿಂಗಲ್ ಫೇಸ್. ವಿಎಫ್‌ಡಿ (ಸಿಂಗಲ್ ಫೇಸಿನಿಂದ 3 ಫೇಸ್ ಮಾಡಿ ಮೋಟಾರ್ ಓಡಿಸುವ, ಸ್ಪೀಡ್ ಬದಲಿಸುವ ಸಾಧನ) ಹಾಕಬಹುದಾ?

ಉತ್ತರ: ಹಾಕಬಹುದು. ಮೊದಲು ಮೋಟಾರಿನ ಫಲಕ ಓದಿ. 230 ವೋಲ್ಟ್ ಒಳಗೆ ಹೋಗಿ 230 ವೋಲ್ಟ್ 3 ಫೇಸ್ ಹೊರಬರುವ ವಿಎಫ್‌ಡಿ ತಂದರೆ, ಸ್ಟಾರ್ ಜೋಡಣೆಯಲ್ಲಿ 415 ವೋಲ್ಟಿಗೆ ಕಟ್ಟಿದ ಮೋಟಾರಿನ ವೈಂಡಿಂಗನ್ನು ಡೆಲ್ಟಾ ಜೋಡಣೆಗೆ ಬದಲಿಸಬೇಕು. ಡಬ್ಬಿಯಲ್ಲಿ 6 ವೈರ್ ಇದ್ದರೆ ಸುಲಭ. ಮೂರೇ ಇದ್ದರೆ ವೈಂಡಿಂಗ್ ಮಾಡುವವರ ಹತ್ತಿರ ಒಳಗಿನ ಜೋಡಣೆ ಹೊರಗೆ ತೆಗೆಸಬೇಕು. ವಿಎಫ್‌ಡಿಗೂ ಮೋಟಾರಿಗೂ ನಡುವೆ ಹಳೇ ಸ್ವಿಚ್ ಬಿಡಬೇಡಿ. ಓಡುವಾಗ ಅಲ್ಲಿ ಆಫ್ ಮಾಡಿದರೆ ವಿಎಫ್‌ಡಿ ಸುಟ್ಟುಹೋಗಬಹುದು. ಅರ್ತಿಂಗ್ ಸರಿಯಾಗಿರಲಿ, ವೈರಿಂಗ್ ಬಲ್ಲವರಿಂದಲೇ ಮಾಡಿಸಿ.

ಜೀವಕ್ಕೆ ಸಂಬಂಧಿಸಿದ ಒಂದು ವಿಷಯ. ಹಳೇ ಲೇತುಗಳಲ್ಲಿ ಚಕ್ ಸ್ಪಿಂಡಲ್ ಮೇಲೆ ಥ್ರೆಡ್‌ನಲ್ಲಿ ಕೂತಿರುತ್ತದೆ. ಜೋರು ಸ್ಪೀಡಿನಲ್ಲಿ ರಿವರ್ಸ್ ಕೊಟ್ಟರೆ, ಅಥವಾ ಬ್ರೇಕ್ ಹಾಕಿದಂತೆ ತಟ್ಟನೆ ನಿಲ್ಲಿಸಿದರೆ, ಚಕ್ ತಾನೇ ಬಿಚ್ಚಿಕೊಂಡು ಹಾರಬಹುದು. ನಿಲ್ಲುವ ಸಮಯ 3, 4 ಸೆಕೆಂಡ್ ಇರುವಂತೆ ಸೆಟ್ ಮಾಡಿ.

ಪ್ರಶ್ನೆ (ಐಟಿಐ ವಿದ್ಯಾರ್ಥಿ): ಸರ್, ಲೀಡ್ ಸ್ಕ್ರೂ (ಥ್ರೆಡ್ ತೆಗೆಯುವಾಗ ಸ್ಯಾಡಲನ್ನು ಎಳೆಯುವ ಉದ್ದ ಸ್ಕ್ರೂ) ಇಂಚಿಗೆ 4 ಥ್ರೆಡ್ ಇರುವ ಲೇತಿನಲ್ಲಿ 1.5 ಮಿಮೀ ಪಿಚ್ ಥ್ರೆಡ್ ಹೇಗೆ ತೆಗೆಯುವುದು?

ಉತ್ತರ: 127 ಹಲ್ಲಿನ ಗೇರ್ ಬೇಕಪ್ಪ. 127ನ್ನು 5ರಿಂದ ಭಾಗಿಸಿದರೆ 25.4, ಒಂದು ಇಂಚಿನ ಮಿಮೀ ಲೆಕ್ಕ. ಸೂತ್ರ ಇಷ್ಟೇ: 5, ಲೀಡ್ ಸ್ಕ್ರೂ ಥ್ರೆಡ್, ಬೇಕಾದ ಪಿಚ್ ಮೂರನ್ನೂ ಗುಣಿಸಿ 127ರಿಂದ ಭಾಗಿಸು. 5, 4, 1.5 ಗುಣಿಸಿದರೆ 30. ಸ್ಪಿಂಡಲ್ ಕಡೆ 30, ಲೀಡ್ ಸ್ಕ್ರೂ ಮೇಲೆ 127. ಥ್ರೆಡ್ ಮುಗಿಯುವವರೆಗೆ ಹಾಫ್ ನಟ್ (ಸ್ಯಾಡಲನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ನಟ್) ಬಿಡಿಸಬೇಡ. ಟೂಲ್ ಹಿಂದೆ ತೆಗೆದು, ರಿವರ್ಸ್‌ನಲ್ಲಿ ವಾಪಸ್ ಬಾ. ಥ್ರೆಡ್ ಚಕ್ ಇದ್ದರೆ ತೀರಾ ನಿಧಾನ ಸ್ಪೀಡಿನಲ್ಲಿ ಮಾತ್ರ, ಮೇಲೆ ಬೆಂಗಳೂರಿನವರಿಗೆ ಹೇಳಿದ್ದನ್ನು ಓದು.

ತೀರ್ಥಹಳ್ಳಿಯವರು ಮತ್ತೆ: ಸರ್, ಎರಡು ದಿನ ಹಿಡಿಯಿತು. ಕಾಲರ್ ಈಗ 100 ಮಿಮೀಗೆ 0.005 ಒಳಗೆ ಬಂದಿದೆ! ಟೇಲ್‌ಸ್ಟಾಕ್ ಕೊಟ್ಟಾಗ ಮಾತ್ರ 200 ಮಿಮೀಗೆ ಇನ್ನೂ 0.06 ದಪ್ಪ ಇದೆ.

ಉತ್ತರ: ತುಂಬಾ ಖುಷಿಯಾಯ್ತು. ಬೆಡ್ ಸರಿಯಾಯ್ತು, ಉಳಿದದ್ದು ಟೇಲ್‌ಸ್ಟಾಕಿನದೇ. ಈಗ ರಾಡನ್ನು ಚಕ್ ಬದಲು ಎರಡೂ ಕಡೆ ಸೆಂಟರ್ ಮಧ್ಯೆ ಹಿಡಿದು ಒಂದು ಕಟ್ ತೆಗೆಯಿರಿ. ಅಲ್ಲೂ 0.06 ಬಂದರೆ, ರಾಡಿನ ಒಟ್ಟು ಉದ್ದ 250 ಅಂತ ಇಟ್ಟುಕೊಂಡರೆ, ಟೇಲ್‌ಸ್ಟಾಕನ್ನು ನಿಮ್ಮ ಕಡೆಗೆ ಸುಮಾರು 0.04 ಸರಿಸಬೇಕು. 0.06ರ ಅರ್ಧ 0.03, ಅದು 200 ಮಿಮೀಗೆ. ಉದ್ದ 250 ಆದ್ದರಿಂದ ಸ್ವಲ್ಪ ಜಾಸ್ತಿ. ಪಕ್ಕದ ಎರಡು ಸ್ಕ್ರೂಗಳಲ್ಲಿ ಒಂದನ್ನು ಸಡಿಲ ಮಾಡಿ ಇನ್ನೊಂದನ್ನು ಬಿಗಿ ಮಾಡಿ, ಡಯಲ್ ಗೇಜ್ ಮುಳ್ಳನ್ನು ಟೇಲ್‌ಸ್ಟಾಕ್ ಬ್ಯಾರೆಲ್‌ಗೆ ತಾಗಿಸಿಟ್ಟು ನೋಡುತ್ತಾ ಸರಿಸಿ. ಟೇಲ್‌ಸ್ಟಾಕ್ ಲಾಕ್ ಮಾಡಿದ ಮೇಲೆ ಮುಳ್ಳು ಎಲ್ಲಿದೆಯೋ ಅದೇ ಲೆಕ್ಕ, ಲಾಕ್ ಮಾಡುವಾಗ ಅದು ಸರಿದಾಡುತ್ತದೆ.

ಬೇರಿಂಗ್ ಕೂರುವ ಜಾಗವನ್ನು ಸೈಜಿಗೆ ತರಲು ಎಮರಿ ಕಾಗದವನ್ನು ಬೆರಳಿಗೆ ಸುತ್ತಿಕೊಂಡು ಒತ್ತಬೇಡಿ. ಎರಡು ತುದಿ ಬಿಡಿಬಿಡಿಯಾಗಿ ಹಿಡಿಯಿರಿ, ಅಥವಾ ಫೈಲ್ ಕೆಳಗೆ ಇಟ್ಟು ಒತ್ತಿ. ಕೆಳಗೆ ಬೆಡ್ ಮೇಲೆ ಬಟ್ಟೆ ಹಾಸಿರಿ, ಎಮರಿ ಪುಡಿ ವಿ ಮೇಲೆ ಬಿದ್ದರೆ ನಿಜವಾದ ಸವೆತ ಆಗ ಶುರುವಾಗುತ್ತದೆ. ಮಳೆಗಾಲ ಮುಗಿದ ಮೇಲೆ ಕಾಲರ್ ಪರೀಕ್ಷೆ ಇನ್ನೊಮ್ಮೆ ಮಾಡಿ, ಹೊಸ ತಗಡುಗಳು ಅಷ್ಟರಲ್ಲಿ ಕೂತಿರುತ್ತವೆ. ಅಲ್ಲಿಯವರೆಗೆ ಪ್ರತಿ ಸಂಜೆ ಬೆಡ್ ಒರೆಸಿ 68 ನಂಬರ್ ಆಯಿಲ್ ಸವರಿ. ಕಾಲರ್ ಇರುವ ಆ ರಾಡ್ ಎಸೆಯಬೇಡಿ, ಗ್ರೀಸ್ ಹಚ್ಚಿ ಕಾಗದದಲ್ಲಿ ಸುತ್ತಿಡಿ.