ದೊಡ್ಡ ಪ್ರಯಾಣಿಕ ಹಡಗುಗಳನ್ನು ಮುಳುಗಿಸುವುದು ಒಡಲಿನ ತೂತೋ, ತಪ್ಪಿದ ಸಮತೋಲವೋ?

ವಿಶ್ವನಾಥ: 1994ರ ಸೆಪ್ಟೆಂಬರ್ 28ರ ನಸುಕಿನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿದ ‘ಎಸ್ಟೋನಿಯಾ’ ಹಡಗಿನಲ್ಲಿ 852 ಜನ ಸತ್ತರು. ಅದರ ಒಡಲು ಸುಮಾರು ನಾಲ್ಕು ಮೀಟರ್‌ನಷ್ಟು ಹರಿದಿರುವುದನ್ನು 2020ರಲ್ಲಿ ಸಾಕ್ಷ್ಯಚಿತ್ರವೊಂದು ತೋರಿಸಿತು. ಅಷ್ಟು ದೊಡ್ಡ ಹಡಗು ಒಂದು ಗಂಟೆಯೊಳಗೆ ಮುಳುಗಬೇಕಾದರೆ ನೀರಿನ ಮಟ್ಟದ ಕೆಳಗೆ ತೂತು ಬಿದ್ದಿರಲೇಬೇಕು ಎಂಬುದು ನನ್ನ ವಾದ. ಟೈಟಾನಿಕ್ ಮುಳುಗಿದ್ದೂ ಹಾಗೆಯೇ ಅಲ್ಲವೇ?

ಸುಧಾ: ವಿಶ್ವನಾಥರೇ, ಟೈಟಾನಿಕ್ ನಿಮ್ಮ ವಾದಕ್ಕೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತದೆ. ಮುಂಭಾಗದ ನಾಲ್ಕು ಕೋಣೆಗಳಿಗೆ ನೀರು ನುಗ್ಗಿದರೂ ತೇಲಬಲ್ಲ ಆ ಹಡಗಿನಲ್ಲಿ ಅದಕ್ಕಿಂತ ಹೆಚ್ಚು ಕೋಣೆಗಳು ತುಂಬಿದವು. ಆದರೂ ಅದು ಹೆಚ್ಚು ಪಕ್ಕಕ್ಕೆ ವಾಲದೆ ಎರಡೂವರೆ ಗಂಟೆಗೂ ಮೀರಿ ನೀರಿನ ಮೇಲಿತ್ತು. ಎಸ್ಟೋನಿಯಾದಲ್ಲಿ ಅಲೆಗಳ ಹೊಡೆತಕ್ಕೆ ಮೂತಿಯ ಮುಚ್ಚಳದ ಬೀಗಗಳು ಕಿತ್ತುಬಂದವು, ಕಳಚಿದ ಮುಚ್ಚಳವು ಅದರ ಹಿಂದಿದ್ದ, ವಾಹನಗಳು ಹತ್ತಿಳಿಯುವ ರ‍್ಯಾಂಪನ್ನೂ ಎಳೆದು ತೆರೆಯಿತು ಎಂದು 1997ರ ತನಿಖಾ ವರದಿ ಹೇಳುತ್ತದೆ. ಹೀಗೆ ನೀರು ನುಗ್ಗಿದ, ಲಾರಿ ಮತ್ತು ಕಾರುಗಳು ನಿಲ್ಲುವ ಡೆಕ್‌ನಲ್ಲಿ ಅಡ್ಡಗೋಡೆಗಳಿರುವುದಿಲ್ಲ. ಅಗಲವಾದ ಪರಾತದಲ್ಲಿ ನೀರು ತುಂಬಿ ಎತ್ತಿ ನಡೆದವರಿಗೆ ಗೊತ್ತು: ತುಸು ವಾಲಿದರೂ ನೀರೆಲ್ಲ ಅದೇ ಬದಿಗೆ ಹರಿದು ಇನ್ನಷ್ಟು ವಾಲಿಸುತ್ತದೆ.

ಇಸ್ಮಾಯಿಲ್: ಸುಧಾ ಅವರ ಮಾತಿಗೆ 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ ಬಂದರಿನ ಹೊರಗೆ ಮಗುಚಿದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ಗಿಂತ ದೊಡ್ಡ ಆಧಾರ ಬೇಡ. ಒಡಲಿಗೆ ಏನೂ ಬಡಿದಿರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಬಂದರಿನ ರ‍್ಯಾಂಪ್ ಹಡಗಿನ ಮೇಲಿನ ಡೆಕ್‌ಗೆ ಎಟುಕದ ಕಾರಣ ಮುಂದಿನ ಟ್ಯಾಂಕುಗಳಿಗೆ ನೀರು ತುಂಬಿ ಮೂತಿಯನ್ನು ತಗ್ಗಿಸಿದ್ದರು. ಆ ನೀರು ಪೂರ್ತಿ ಹೊರಹೋಗುವ ಮೊದಲೇ, ಮೂತಿಯ ಬಾಗಿಲು ಮುಚ್ಚಬೇಕಾದವನು ತನ್ನ ಕೋಣೆಯಲ್ಲಿ ನಿದ್ರಿಸುತ್ತಿದ್ದಾಗಲೇ ಹಡಗು ಹೊರಟಿತು. ವೇಗ ಹೆಚ್ಚಿದಂತೆ ತೆರೆದ ಬಾಗಿಲಿನಿಂದ ನೀರು ನುಗ್ಗಿ, ಕೆಲವೇ ನಿಮಿಷಗಳಲ್ಲಿ ಹಡಗು ಮಗ್ಗುಲಾಯಿತು. 193 ಜನ ಸತ್ತರು. ಬಾಗಿಲು ಮುಚ್ಚಿದೆಯೇ ಎಂದು ಕ್ಯಾಪ್ಟನ್‌ಗೆ ತೋರಿಸುವ ದೀಪ ಬೇಕೆಂದು ಅದಕ್ಕೂ ಮೊದಲೇ ಬಂದಿದ್ದ ಬೇಡಿಕೆಯನ್ನು ಕಂಪನಿ ಕಡೆಗಣಿಸಿತ್ತು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವಿಶ್ವನಾಥ: ಆ ಹಡಗಿನ ಬಗ್ಗೆ ತಕರಾರಿಲ್ಲ. ಎಸ್ಟೋನಿಯಾದ ಹರಿದ ಒಡಲಿಗೆ ಮಾತ್ರ ಉತ್ತರ ಸಿಗಲಿಲ್ಲ.

ಸುಧಾ: ಎಸ್ಟೋನಿಯಾ, ಫಿನ್ಲೆಂಡ್, ಸ್ವೀಡನ್ ದೇಶಗಳ ತನಿಖಾಧಿಕಾರಿಗಳು ಮತ್ತೆ ಸಮೀಕ್ಷೆ ನಡೆಸಿ, ಬೇರೆ ನೌಕೆ ಡಿಕ್ಕಿ ಹೊಡೆದ ಕುರುಹಿಲ್ಲವೆಂದು 2023ರಲ್ಲಿ ತಿಳಿಸಿದರು. ಹಡಗು ಬಿದ್ದ ಜಾಗದಲ್ಲಿ ಬಂಡೆಗಳಿದ್ದು, ಒಡಲಿನ ಹಾನಿ ಅವುಗಳಿಗೆ ತಾಗಿದ್ದರೊಂದಿಗೆ ಹೊಂದುತ್ತದೆ.

ಮಂಜುಳಾ: ಬಾಗಿಲಿನ ಮಾತಿಗೇ ಚರ್ಚೆ ನಿಲ್ಲಬಾರದು. 2014ರ ಏಪ್ರಿಲ್ 16ರಂದು 304 ಜನರನ್ನು ಕಳೆದುಕೊಂಡ ದಕ್ಷಿಣ ಕೊರಿಯಾದ ‘ಸೆವೋಲ್’ನ ಬಾಗಿಲು ತೆರೆದಿರಲಿಲ್ಲ. ಕೊಂಡ ಮೇಲೆ ಹೆಚ್ಚುವರಿ ಕೋಣೆಗಳನ್ನು ಕಟ್ಟಿ ಅದರ ಗುರುತ್ವಕೇಂದ್ರವನ್ನು ಮೇಲೇರಿಸಿದ್ದರು, 987 ಟನ್ ಮಿತಿಯಿದ್ದಲ್ಲಿ ಎರಡು ಸಾವಿರ ಟನ್‌ಗೂ ಹೆಚ್ಚು ಸರಕು ಹೇರಿದ್ದರು, ಹಡಗನ್ನು ನೆಟ್ಟಗಿಡಬೇಕಾದ ತಳದ ಬ್ಯಾಲಾಸ್ಟ್ ನೀರನ್ನು ಕಡಿಮೆ ಮಾಡಿದ್ದರು. ತಿರುವಿನಲ್ಲಿ ವಾಲಿದಾಗ ಸರಿಯಾಗಿ ಬಿಗಿಯದ ಸರಕು ಜಾರಿತು. ಹಡಗು ಮತ್ತೆ ನೆಟ್ಟಗಾಗಲಿಲ್ಲ.

ಇಸ್ಮಾಯಿಲ್: ಎಸ್ಟೋನಿಯಾದ ನಂತರ, ವಾಹನಗಳ ಡೆಕ್‌ನಲ್ಲಿ 50 ಸೆಂಟಿಮೀಟರ್‌ವರೆಗೆ ನೀರು ನಿಂತರೂ ಹಡಗು ತಾಳಿಕೊಳ್ಳಬೇಕೆಂಬ ಒಪ್ಪಂದವನ್ನು ಉತ್ತರ ಯುರೋಪಿನ ದೇಶಗಳು 1996ರಲ್ಲಿ ಮಾಡಿಕೊಂಡವು. ಮಂಜುಳಾ ಅವರೇ, ನೀವು ಹೇಳಿದ ಹಡಗಿಗೆ ಅಂಥ ನಿಯಮವೂ ನೆರವಾಗುತ್ತಿರಲಿಲ್ಲ. ಬಂದರಿನಲ್ಲೇ ಸರಕು ತೂಗಿ, ಮಿತಿ ಮೀರಿದ್ದನ್ನು ಇಳಿಸುವ ಅಧಿಕಾರವುಳ್ಳವರು ಬೇಕಿತ್ತು.